ವಸಂತದ ಬಿಸಿಲೂ ಶಾಲೆಯ ಅಂಗಳವೂ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿಯಲ್ಲಿ ಆಕಾಶವು ನಿರ್ಮಲವಾಗಿ, ನೆಲವು ಒಣಗಿ, ಮಕ್ಕಳು ಹೊರಗೆ ನಿಂತು ಏನನ್ನಾದರೂ ನೋಡಿ ಅಳೆದು ಬರೆದಿಡುವುದಕ್ಕೆ ಅನುಕೂಲವಾಗಿರುವ ಕಾಲವು ಬಹಳ ಉದ್ದವಾದುದಲ್ಲ. ಮೇ ತಿಂಗಳ ಕೊನೆಗೆ ಶಾಲೆಯ ಬಾಗಿಲು ತೆರೆದು ಹೊಸ ಪುಸ್ತಕಗಳು ಕೈಗೆ ಬರುವಷ್ಟರಲ್ಲಿ ಮಳೆಯೂ ಬಂದಿರುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಈ ನೆಲದಲ್ಲಿ ಅದರ ಬಹುಭಾಗವು ಸೆಪ್ಟೆಂಬರು ಮುಗಿಯುವುದರೊಳಗೇ ಬಿದ್ದುಹೋಗುತ್ತದೆ. ಆ ನಾಲ್ಕು ತಿಂಗಳು ಸೂರ್ಯನು ಮಕ್ಕಳಿಗೆ ಪುಸ್ತಕದ ಚಿತ್ರದಲ್ಲಿ ಮಾತ್ರ ಕಾಣಿಸುತ್ತಾನೆಂದರೂ ತಪ್ಪಾಗದು. ಆ ಬಳಿಕ ಹಿಂಗಾರಿನ ಗುಡುಗು, ದಸರೆಯ ರಜೆ, ಕ್ರೀಡಾಕೂಟ, ಶಾಲಾ ವಾರ್ಷಿಕೋತ್ಸವದ ಸಡಗರ. ಇವೆಲ್ಲ ಕಳೆದು, ಸಂಕ್ರಾಂತಿಯೂ ದಾಟಿ, ಮಾವು ಹೂಬಿಟ್ಟು, ಗೇರುಮರಗಳ ಕೆಳಗೆ ಹಣ್ಣಿನ ವಾಸನೆ ಹರಡಿ, ಗದ್ದೆಗಳಲ್ಲಿ ನೆಲಗಡಲೆಯ ಗಿಡ ಹಸುರಾಗಿ ನಿಂತಾಗ ಪ್ರಕೃತಿಯು ತನ್ನ ಪ್ರಯೋಗಶಾಲೆಯ ಬಾಗಿಲನ್ನು ತೆರೆಯುತ್ತದೆ. ಸರಿಯಾಗಿ ಅದೇ ಸಮಯಕ್ಕೆ ನಮ್ಮ ಪ್ರಾಥಮಿಕ ಶಾಲೆಗಳು ತಮ್ಮ ಬಾಗಿಲನ್ನು ಮುಚ್ಚಿಕೊಂಡು ‘ಪುನರಾವರ್ತನೆ’ಗೆ ಕುಳಿತುಕೊಳ್ಳುತ್ತವೆ.

ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಯಾವುದೇ ಶಾಲೆಯ ಮುಂದೆ ಹಾದುಹೋದರೂ ಒಳಗಿನಿಂದ ಕೇಳಿಬರುವುದು ಒಂದೇ ಧ್ವನಿ: ಪ್ರಶ್ನೆಯನ್ನು ಉಪಾಧ್ಯಾಯರು ಹೇಳುವುದು, ಉತ್ತರವನ್ನು ತರಗತಿಯು ಒಕ್ಕೊರಲಿನಿಂದ ಹೇಳುವುದು. ಜೂನ್ ತಿಂಗಳಿನಿಂದ ಕಲಿತುದನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ವರ್ಷದ ಅತ್ಯುತ್ತಮವಾದ ಐವತ್ತು ದಿನಗಳನ್ನು ಅದೊಂದಕ್ಕೇ ವ್ಯಯಮಾಡುವುದು ದೊಡ್ಡ ನಷ್ಟವೆಂಬುದೂ, ಆ ನಷ್ಟದ ಲೆಕ್ಕವು ಪ್ರಾಥಮಿಕ ಶಾಲೆಯಲ್ಲಿ ಕಾಣಿಸದೆ ಬಹಳ ವರ್ಷಗಳ ಮೇಲೆ ಕಾಲೇಜಿನಲ್ಲಿ ಕಾಣಿಸುವುದೆಂಬುದೂ ನಮ್ಮ ಅಭಿಪ್ರಾಯ.

ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಎಳೆಯ ಮಕ್ಕಳ ಶಾಲೆಯ ಉಸಾಬರಿ ಏತಕ್ಕೆಂದು ವಾಚಕರು ಕೇಳಬಹುದು. ಕಾರಣವುಂಟು. ಕಡಲ ಗಾಳಿಯು ಏಕೆ ಬೀಸುತ್ತದೆ ಎಂದು ನಮ್ಮ ವಿದ್ಯಾರ್ಥಿಗಳನ್ನು ಕೇಳಿದರೆ ಉತ್ತರವು ತಟ್ಟನೆ ಬರುತ್ತದೆ. ನೀರಿನ ವಿಶಿಷ್ಟೋಷ್ಣವು ಹೆಚ್ಚು, ಮರಳಿನದು ಅದರ ಐದನೆಯ ಒಂದು ಭಾಗದಷ್ಟು. ಆದುದರಿಂದ ಹಗಲಿನಲ್ಲಿ ನೆಲವು ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿಯು ಹಗುರಾಗಿ ಮೇಲೇರುತ್ತದೆ, ಆ ಸ್ಥಳವನ್ನು ತುಂಬಲು ಕಡಲಿನ ಕಡೆಯ ತಂಪು ಗಾಳಿಯು ಹರಿದು ಬರುತ್ತದೆ. ಅಂಕಗಳೆಲ್ಲ ದೊರೆಯತಕ್ಕ ಉತ್ತರವೇ ಸರಿ. ಇದರ ಬೆನ್ನಿಗೇ, “ಮಾರ್ಚ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಮನೆಯ ಅಂಗಳದಲ್ಲಿ ಒಣಹಾಕಿದ ಬಟ್ಟೆಯು ಯಾವ ದಿಕ್ಕಿಗೆ ಹಾರುತ್ತದೆ? ಬೆಳಗ್ಗೆ ಎಂಟು ಗಂಟೆಗೆ ಯಾವ ದಿಕ್ಕಿಗೆ?” ಎಂದು ಕೇಳಿದರೆ ತರಗತಿಯು ಮೌನವಾಗುತ್ತದೆ. ಕಡಲಿನಿಂದ ಕೂಗಳತೆಯ ದೂರದಲ್ಲಿ ಮನೆಯಿರುವವರೂ, ದೋಣಿಯ ಸಂಸಾರದಲ್ಲಿ ಹುಟ್ಟಿ ಬೆಳೆದವರೂ ಟಿಪ್ಪಣಿ ಪುಸ್ತಕದ ಪುಟಗಳನ್ನು ತಿರುವುತ್ತಾರೆ. ಗಂಗೊಳ್ಳಿಯಲ್ಲಿ ಎಂಜಿನು ಬರುವ ಮೊದಲು ಹಾಯಿ ಕಟ್ಟುತ್ತಿದ್ದ ಅವರ ಅಜ್ಜಂದಿರಿಗೆ ಈ ಗಾಳಿಯ ವೇಳಾಪಟ್ಟಿಯು ಬಾಯಿಪಾಠವಾಗಿತ್ತು: ಮುಂಜಾನೆ ನೆಲದ ಗಾಳಿಯೊಡನೆ ಹೊರಡುವುದು, ಮಧ್ಯಾಹ್ನದ ಕಡಲ ಗಾಳಿಯೊಡನೆ ಹಿಂದಿರುಗುವುದು. ಮೊಮ್ಮಕ್ಕಳಿಗೆ ಕಾರಣವು ತಿಳಿದಿದೆ, ಗಾಳಿಯು ತಿಳಿದಿಲ್ಲ.

ಇದು ಬುದ್ಧಿಯ ಕೊರತೆಯಲ್ಲ. ಶಾಲೆಯಲ್ಲಿ ಹೇಳುವ ಸಂಗತಿ ಬೇರೆ, ಹೊರಗೆ ಕಾಣುವ ಸಂಗತಿ ಬೇರೆ, ಇವೆರಡನ್ನೂ ಎದುರೆದುರು ಇಟ್ಟು ನೋಡುವ ಅಗತ್ಯವಿಲ್ಲ ಎಂಬ ನಂಬಿಕೆಯು ಆರನೆಯ ವಯಸ್ಸಿನಿಂದ ಹತ್ತನೆಯ ವಯಸ್ಸಿನೊಳಗೆ ಮನಸ್ಸಿನಲ್ಲಿ ಬೇರೂರಿಬಿಟ್ಟಿರುತ್ತದೆ. ಹದಿನೆಂಟನೆಯ ವಯಸ್ಸಿನಲ್ಲಿ ಅದನ್ನು ಕೀಳಲು ಹೊರಡುವುದು ಎಷ್ಟು ಕಷ್ಟವೆಂಬುದು ನಮಗೆ ದಿನನಿತ್ಯದ ಅನುಭವ.

ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಒಳ್ಳೆಯದೇನೂ ಇಲ್ಲವೆಂದು ಯಾರೂ ಭಾವಿಸಬಾರದು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರ ಹೊತ್ತಿಗೆ ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ಮೂರು ತರಗತಿಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ ಪದ್ಧತಿಯನ್ನು ನೋಡಿದವರು ಹಾಗೆ ಹೇಳಲಾರರು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ನೆಲದ ಮೇಲೆ ಕುಳಿತಿರುತ್ತಾರೆ. ಪ್ರತಿಯೊಂದು ಮಗುವೂ ಕಲಿಕೆಯ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ನೋಡಿಕೊಂಡು ತನ್ನ ಕಾರ್ಡನ್ನು ತಾನೇ ಆರಿಸಿ ತರುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟುಕುವಂತೆ ಕರಿಹಲಗೆಯಿರುತ್ತದೆ. ತಲೆಯ ಮೇಲೆ ದಾರಗಳನ್ನು ಕಟ್ಟಿದ ‘ಚಪ್ಪರ’. ಮಕ್ಕಳು ಬರೆದ ಚಿತ್ರ, ಕತ್ತರಿಸಿದ ಕಾಗದದ ಹೂವು ಎಲ್ಲವೂ ಅದರಿಂದ ತೂಗಾಡುತ್ತಿರುತ್ತವೆ. ನಾವು ಕಲಿತ ಕಾಲದ ಬೆತ್ತದ ಶಾಲೆಗೂ ಇದಕ್ಕೂ ಅಜಗಜಾಂತರ.

ಅದೇ ಕೋಣೆಯ ಗೋಡೆಯಲ್ಲಿ ಹವಾಮಾನದ ಚಾರ್ಟು ಒಂದಿರುತ್ತದೆ. ಇಂದು ಬಿಸಿಲೋ, ಮೋಡವೋ, ಮಳೆಯೋ ಎಂಬುದನ್ನು ಮಗುವೊಂದು ದಿನವೂ ಗುರುತು ಮಾಡತಕ್ಕದ್ದು. ಯೋಜನೆಯು ಬಹಳ ಸೊಗಸಾದುದು. ಆದರೆ ಫೆಬ್ರವರಿ ಬಂದಿತೆಂದರೆ ಕರಾವಳಿಯ ಚಾರ್ಟಿನಲ್ಲಿ ಕಾಣುವುದೇನು? ಬಿಸಿಲು, ಬಿಸಿಲು, ಬಿಸಿಲು. ಒಂದು ವಾರದ ಮೇಲೆ ಮಗು ಕಿಟಕಿಯ ಹೊರಗೆ ನೋಡದೆಯೇ ಗುರುತು ಹಾಕುತ್ತದೆ. ನೋಡಬೇಕೆಂದು ಇಟ್ಟ ಸಾಧನವೇ ನೋಡದಿರುವುದನ್ನು ಕಲಿಸತೊಡಗುತ್ತದೆ. ವಾಸ್ತವದಲ್ಲಿ ಆ ಬಿಸಿಲು ಒಂದು ದಿನವೂ ಹಿಂದಿನ ದಿನದ ಬಿಸಿಲಾಗಿರುವುದಿಲ್ಲ. ಅದನ್ನು ತೋರಿಸಿಕೊಡಲು ಬೇಕಾದುದು ಒಂದು ಕೋಲು.

ನೆಲದಿಂದ ಸರಿಯಾಗಿ ಒಂದು ಮೀಟರು ಎತ್ತರ ನಿಲ್ಲುವ ಕೋಲನ್ನು ಮಟ್ಟಸವಾದ ಅಂಗಳದಲ್ಲಿ ನೆಡಬೇಕು. ದಾರಕ್ಕೆ ಕಲ್ಲು ಕಟ್ಟಿ ತೂಗಬಿಟ್ಟು ಕೋಲು ನೆಟ್ಟಗಿದೆಯೇ ಎಂದು ನೋಡಿಕೊಳ್ಳಬೇಕು. ಮಧ್ಯಾಹ್ನ ಅದರ ನೆರಳು ಅತ್ಯಂತ ಗಿಡ್ಡವಾದಾಗ ತುದಿಗೆ ಸೀಮೆಸುಣ್ಣದ ಗುರುತು ಹಾಕಬೇಕು. ಕುಂದಾಪುರದ ಅಕ್ಷಾಂಶವು ಉತ್ತರ 13.6 ಅಂಶ. ಅಲ್ಲಿ ಈ ನೆರಳು ಫೆಬ್ರವರಿ 1ರಂದು ಸುಮಾರು 60 ಸೆಂಟಿಮೀಟರು ಇರುತ್ತದೆ. ಮಾರ್ಚ್ 1ರಂದು 39. ಹಗಲೂ ರಾತ್ರಿಯೂ ಸಮವಾಗುವ ಮಾರ್ಚ್ 21ರ ಹೊತ್ತಿಗೆ 24. ಏಪ್ರಿಲ್ 1ರಂದು 16. ಬೇಸಗೆಯ ರಜೆಯು ಆರಂಭವಾಗುವ ಏಪ್ರಿಲ್ 10ರ ಸುಮಾರಿಗೆ 10 ಸೆಂಟಿಮೀಟರು ಮಾತ್ರ. ಅಂದರೆ ಈ ಎರಡು ತಿಂಗಳಲ್ಲಿ ನೆರಳು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬದಲಾವಣೆಯು ಇಷ್ಟು ಸ್ಪಷ್ಟವಾಗಿ, ಇಷ್ಟು ಅಗ್ಗವಾಗಿ ಕಾಣಸಿಗುವ ಪ್ರಯೋಗವು ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿಯೂ ಹೆಚ್ಚಿಲ್ಲ.

ಎರಡನೆಯ ತರಗತಿಯ ಮಗುವಿಗೆ ಸೆಂಟಿಮೀಟರು ಬೇಡ, ತ್ರಿಕೋನಮಿತಿಯಂತೂ ಬೇಡವೇ ಬೇಡ. ಪ್ರತಿ ಶುಕ್ರವಾರ ನೆರಳಿನ ಉದ್ದಕ್ಕೆ ಸರಿಯಾಗಿ ಒಂದು ದಾರವನ್ನು ಕತ್ತರಿಸಿ, ತುದಿಗೆ ತಾರೀಕು ಬರೆದ ಚೀಟಿಯನ್ನು ಅಂಟಿಸಿ, ಆ ಚಪ್ಪರದಿಂದ ಸಾಲಾಗಿ ಇಳಿಬಿಟ್ಟರೆ ಸಾಕು. ಹತ್ತು ವಾರಗಳಲ್ಲಿ ಹತ್ತು ದಾರಗಳು. ಅವುಗಳ ತುದಿಗಳನ್ನು ಕಣ್ಣಿನಿಂದ ಸೇರಿಸುತ್ತ ಹೋದರೆ ಒಂದು ವಕ್ರರೇಖೆ. ಗ್ರಾಫ್ ಎಂಬ ಶಬ್ದವನ್ನೇ ಕೇಳದ ಮಕ್ಕಳು ಗ್ರಾಫನ್ನು ರಚಿಸಿರುತ್ತಾರೆ, ಅದೂ ಆಕಾಶವೇ ಕೊಟ್ಟ ಅಂಕಿಗಳಿಂದ.

ಇಲ್ಲಿ ಮತ್ತೊಂದು ಸ್ವಾರಸ್ಯವಿದೆ. ಹನ್ನೆರಡು ಗಂಟೆಗೆ ಸೂರ್ಯನು ನೆತ್ತಿಯ ಮೇಲಿರುತ್ತಾನೆ ಎಂಬುದು ನಾವೆಲ್ಲರೂ ಚಿಕ್ಕಂದಿನಲ್ಲಿ ಕಲಿತ ಪಾಠ. ಮಗುವು ಅಂಗಳದಲ್ಲಿ ನಿಂತು ನೋಡಿದರೆ ಈ ವಾಕ್ಯದಲ್ಲಿ ಎರಡು ತಪ್ಪುಗಳು ಸಿಕ್ಕುತ್ತವೆ. ಫೆಬ್ರವರಿಯಲ್ಲಿ ಅವನು ನೆತ್ತಿಯ ಮೇಲಿರುವುದಿಲ್ಲ, ದಕ್ಷಿಣಕ್ಕೆ ಮೂವತ್ತು ಅಂಶದಷ್ಟು ವಾಲಿರುತ್ತಾನೆ. ನೆರಳು ಅತ್ಯಂತ ಗಿಡ್ಡವಾಗುವುದೂ ಹನ್ನೆರಡಕ್ಕಲ್ಲ. ಫೆಬ್ರವರಿಯ ಮೊದಲಲ್ಲಿ 12 ಗಂಟೆ 45 ನಿಮಿಷಕ್ಕೆ, ಮಾರ್ಚ್ 21ರ ಹೊತ್ತಿಗೆ 12 ಗಂಟೆ 39 ನಿಮಿಷಕ್ಕೆ. ಭಾರತದ ಗಡಿಯಾರಗಳೆಲ್ಲ ಪೂರ್ವ 82.5 ಅಂಶದ ರೇಖಾಂಶವನ್ನು ಅನುಸರಿಸುತ್ತವೆ, ಕುಂದಾಪುರವಿರುವುದು 74.7 ಅಂಶದಲ್ಲಿ. ಅಂಶವೊಂದಕ್ಕೆ ನಾಲ್ಕು ನಿಮಿಷದಂತೆ ಸೂರ್ಯನು ನಮ್ಮಲ್ಲಿಗೆ ಸುಮಾರು 31 ನಿಮಿಷ ತಡವಾಗಿ ಬರುತ್ತಾನೆ. ಉಳಿದ ಅಂತರವು ಭೂಮಿಯ ಕಕ್ಷೆಯು ದೀರ್ಘವೃತ್ತವಾಗಿರುವುದರಿಂದಲೂ ಅಕ್ಷವು ಓರೆಯಾಗಿರುವುದರಿಂದಲೂ ಬರತಕ್ಕದ್ದು. ಫೆಬ್ರವರಿಯಲ್ಲಿ ಅದು ಹದಿನಾಲ್ಕು ನಿಮಿಷದವರೆಗೂ ಏರುತ್ತದೆ. ಈ ವಿವರಣೆಯೆಲ್ಲ ಪ್ರೌಢಶಾಲೆಯ ವಾಚಕರಿಗಾಗಿ. ಎಂಟು ವರ್ಷದ ಮಗುವಿಗೆ ಬೇಕಾದುದು ವಿವರಣೆಯಲ್ಲ. ಪುಸ್ತಕದ ಮಾತನ್ನು ಅಂಗಳದಲ್ಲಿ ಪರೀಕ್ಷಿಸಬಹುದು, ಪರೀಕ್ಷಿಸಿದರೆ ಟೀಚರಿಗೆ ಸಿಟ್ಟು ಬರುವುದಿಲ್ಲ ಎಂಬ ಧೈರ್ಯ.

ನಮ್ಮ ಪರಿಚಯದ ಶಿಕ್ಷಕಿಯೊಬ್ಬರ ಶಾಲೆಯಲ್ಲಿ ಈ ಕೋಲನ್ನು ನೆಟ್ಟು ನೋಡಿದೆವು. ಮೊದಲ ವಾರ ಮಕ್ಕಳಿಗೆ ಅದೊಂದು ಆಟ. ಮೂರನೆಯ ವಾರದಲ್ಲಿ ದಾರಗಳನ್ನು ನೋಡುತ್ತ ನಿಂತಿದ್ದ ಮೂರನೆಯ ತರಗತಿಯ ಹುಡುಗಿಯೊಬ್ಬಳು, “ಟೀಚರ್, ಹೀಂಗೇ ಗಿಡ್ಡ ಆಯ್ಕಂಡ್ ಹೋರೆ ಕಡಿಗೆ ನೆರ್ಳ್ ಎಲ್ಲಿಗ್ ಹೋಪುದ್?” ಎಂದು ಕೇಳಿದಳು. ಕೋಣೆಯಲ್ಲಿದ್ದ ಯಾವ ಕಾರ್ಡಿನಲ್ಲಿಯೂ ಆ ಪ್ರಶ್ನೆಯಿರಲಿಲ್ಲ. ಶಿಕ್ಷಕಿಯು ಉತ್ತರವನ್ನು ಹೇಳಿಬಿಡದೆ, “ನೀನೇ ಲೆಕ್ಕ ಹಾಕು, ವಾರಕ್ಕೆ ಎಷ್ಟು ಕಡಿಮೆಯಾಗ್ತಾ ಉಂಟು?” ಎಂದು ತಿರುಗಿ ಕೇಳಿದುದು ನಮಗೆ ಬಹಳ ಮೆಚ್ಚಿಗೆಯಾಯಿತು. ಮಕ್ಕಳು ದಾರಗಳನ್ನು ಬೆರಳಿನಿಂದ ಅಳೆದು, ಜಗಳವಾಡಿ, ಏಪ್ರಿಲ್ ತಿಂಗಳ ಕೊನೆಯೊಳಗೆ ನೆರಳು ಇಲ್ಲವಾಗುತ್ತದೆ ಎಂದು ತೀರ್ಮಾನಿಸಿದರು.

ಅವರ ತೀರ್ಮಾನವು ಸರಿಯಾಗಿತ್ತು. ಸೂರ್ಯನು ಉತ್ತರಕ್ಕೆ ಸರಿಯುತ್ತ ಏಪ್ರಿಲ್ 26ರ ಸುಮಾರಿಗೆ ಕುಂದಾಪುರದ ಅಕ್ಷಾಂಶವನ್ನು ಮುಟ್ಟುತ್ತಾನೆ. ಆ ದಿನ ಮಧ್ಯಾಹ್ನ ನೆಟ್ಟ ಕೋಲಿಗೆ ನೆರಳಿಲ್ಲ. ಸೂರ್ಯನು ನೆತ್ತಿಗೆ ಬರುವ ಸ್ಥಳವು ಆಗ ದಿನಕ್ಕೆ ಸುಮಾರು 35 ಕಿಲೋಮೀಟರಿನಂತೆ ಉತ್ತರಕ್ಕೆ ನಡೆಯುತ್ತಿರುವುದರಿಂದ ಬ್ರಹ್ಮಾವರದಿಂದ ಬೈಂದೂರನ್ನು ತಲುಪಲು ಅದಕ್ಕೆ ಒಂದೂವರೆ ದಿನ ಸಾಕು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿವೃತ್ತಗಳ ನಡುವೆ ವಾಸಿಸುವವರಿಗೆ ಮಾತ್ರ ದೊರೆಯುವ ಈ ನೋಟವನ್ನು ಲಂಡನ್, ಟೋಕಿಯೊ ನಗರಗಳ ಮಕ್ಕಳು ತಮ್ಮ ಊರಿನಲ್ಲಿ ಎಂದೆಂದಿಗೂ ಕಾಣಲಾರರು. ದಿಲ್ಲಿಯ ಮಕ್ಕಳಿಗೂ ಆ ಭಾಗ್ಯವಿಲ್ಲ. ನಮ್ಮ ಮಕ್ಕಳಿಗೆ ಭಾಗ್ಯವಿದೆ, ಆದರೆ ಆ ದಿನ ಶಾಲೆಯಿಲ್ಲ. ವರ್ಷದಲ್ಲಿ ಮತ್ತೊಮ್ಮೆ, ಆಗಸ್ಟ್ ತಿಂಗಳ ನಡುವೆ, ಸೂರ್ಯನು ನಮ್ಮ ನೆತ್ತಿಯನ್ನು ಹಾದು ದಕ್ಷಿಣಕ್ಕೆ ಹಿಂದಿರುಗುತ್ತಾನೆ. ಆಗ ಶಾಲೆಯಿದೆ, ಸೂರ್ಯನು ಮೋಡದ ಮರೆಯಲ್ಲಿದ್ದಾನೆ. ಹೀಗೆ ಕರಾವಳಿಯ ಮಗುವೊಂದು ಪ್ರಾಥಮಿಕ ಶಿಕ್ಷಣವನ್ನೆಲ್ಲ ಮುಗಿಸಿದರೂ ಈ ಸಂಗತಿಯನ್ನು ಶಾಲೆಯ ಅಂಗಳದಲ್ಲಿ ಒಮ್ಮೆಯೂ ನೋಡದಿರುವ ಸಂಭವವೇ ಹೆಚ್ಚು. ರಜೆಯನ್ನು ಮುಂದಕ್ಕೆ ಹಾಕಬೇಕೆಂದು ನಾವು ಕೇಳುವುದಿಲ್ಲ. ಏಪ್ರಿಲ್ ಕೊನೆಯ ಸೆಕೆಯನ್ನು ಬಲ್ಲವರು ಯಾರೂ ಹಾಗೆ ಕೇಳಲಾರರು. ರಜೆಗೆ ಮೊದಲು ಮಕ್ಕಳ ಕೈಯಲ್ಲಿ ಹತ್ತು ದಾರಗಳಿದ್ದರೆ ಹನ್ನೊಂದನೆಯದನ್ನು ಅವರು ಮನೆಯ ಅಂಗಳದಲ್ಲಿ ತಾವೇ ಹುಡುಕಿಕೊಳ್ಳುತ್ತಾರೆ.

ಮೇಲಿನ ತರಗತಿಯವರು ಇದನ್ನೇ ಮುಂದುವರಿಸಿ ಭೂಮಿಯ ಸುತ್ತಳತೆಯನ್ನು ಕಂಡುಹಿಡಿಯಬಹುದು. ಬ್ರಹ್ಮಾವರ ಮತ್ತು ಬೈಂದೂರುಗಳ ನೆರಳನ್ನು ಹೋಲಿಸಿದರೆ ಆಗದು. ಅವುಗಳ ನಡುವಣ ವ್ಯತ್ಯಾಸವು ಒಂದು ಸೆಂಟಿಮೀಟರಿಗೂ ಕಡಿಮೆ. ಸೂರ್ಯಬಿಂಬವೇ ಅರ್ಧ ಅಂಶದಷ್ಟು ಅಗಲವಾಗಿರುವುದರಿಂದ ಒಂದು ಮೀಟರು ಕೋಲಿನ ನೆರಳಿನ ಅಂಚು ಅಷ್ಟೇ ಪ್ರಮಾಣದಲ್ಲಿ ಮಸುಕಾಗಿರುತ್ತದೆ. ಆದರೆ ಬೀದರಿನ ಶಾಲೆಯೊಂದಕ್ಕೆ ಪತ್ರ ಬರೆದು ಮಾರ್ಚ್ 21ರ ಮಧ್ಯಾಹ್ನದ ನೆರಳನ್ನು ತರಿಸಿಕೊಂಡರೆ ಅದು 32 ಸೆಂಟಿಮೀಟರು ಇರುತ್ತದೆ, ನಮ್ಮದು 24. ಕೋನಗಳ ಲೆಕ್ಕದಲ್ಲಿ ಅಂತರವು 4.3 ಅಂಶ. ನಕಾಶೆಯಲ್ಲಿ ಬೀದರು ನಮ್ಮಿಂದ ನೇರ ಉತ್ತರಕ್ಕೆ ಎಷ್ಟು ದೂರವೆಂದು ಅಳೆದರೆ ಸುಮಾರು 475 ಕಿಲೋಮೀಟರು. 4.3 ಅಂಶಕ್ಕೆ 475 ಆದರೆ 360 ಅಂಶಕ್ಕೆ ಎಷ್ಟು? ಉತ್ತರವು 40,000ಕ್ಕೆ ಬಹಳ ಸಮೀಪ. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಎರಟೋಸ್ಥೆನೀಸನು ಈಜಿಪ್ಟಿನ ಎರಡು ಊರುಗಳಲ್ಲಿ ಮಾಡಿದ ಕೆಲಸವನ್ನು ಕರ್ನಾಟಕದ ಎರಡು ಶಾಲೆಗಳು ಒಂದು ಅಂಚೆಕಾರ್ಡಿನ ವೆಚ್ಚದಲ್ಲಿ, ಅಥವಾ ಈಗಿನ ಕಾಲಕ್ಕೆ ಅದೂ ಇಲ್ಲದೆ, ಮಾಡಿ ಮುಗಿಸಬಹುದು.

ನೆರಳಿನ ವಿಚಾರವನ್ನೇ ಇಷ್ಟು ಹೇಳಿದುದು ಅದು ನಮಗೆ ಪ್ರಿಯವಾದುದೆಂಬ ಕಾರಣಕ್ಕೆ. ವಸಂತದ ಅಂಗಳದಲ್ಲಿ ಬೇರೆ ಸಾಮಗ್ರಿಗೂ ಬರವಿಲ್ಲ. ಧ್ವಜಸ್ತಂಭದ ಬಳಿಯೊಂದು ಕಂಬಕ್ಕೆ ಬಟ್ಟೆಯ ಪಟ್ಟಿಯನ್ನು ಕಟ್ಟಿ, ಬೆಳಗಿನ ಪ್ರಾರ್ಥನೆಯ ವೇಳೆಗೊಮ್ಮೆ, ಸಂಜೆಯ ಗಂಟೆಗೆ ಮುನ್ನವೊಮ್ಮೆ ಅದು ಹಾರುವ ದಿಕ್ಕನ್ನು ಬರೆದಿಟ್ಟರೆ ಕಡಲ ಗಾಳಿಯ ಪಾಠವು ಎರಡು ವಾರದಲ್ಲಿ ಮುಗಿಯುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ನದಿ. ಅಲ್ಲಿನ ಮಕ್ಕಳು ಮಧ್ಯಾಹ್ನದ ಮರಳಿನ ಮೇಲೆ ಬರಿಗಾಲಿನಲ್ಲಿ ಓಡಿ ನೀರಿಗಿಳಿಯುವಾಗಲೇ ವಿಶಿಷ್ಟೋಷ್ಣವನ್ನು ಅಂಗಾಲಿನಿಂದ ಕಲಿತಿರುತ್ತಾರೆ. ಅದು ಪಾಠವೆಂದು ಅವರಿಗೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಇನ್ನು ಗೇರುಹಣ್ಣು. ಬೀಜವು ಹಣ್ಣಿನ ಒಳಗಿರುತ್ತದೆ ಎಂದು ಪಾಠ. ಗೇರುಬೀಜವೋ ಹಣ್ಣಿನ ಹೊರಗೆ ತೂಗಾಡುತ್ತಿದೆ. ಯಾವುದು ಸರಿ? ಹೂವು ಕಾಯಾಗುವ ಕ್ರಮವನ್ನು ಮಕ್ಕಳು ದಿನವೂ ನೋಡಿ ಚಿತ್ರ ಬರೆದರೆ ಉತ್ತರವನ್ನು ಮರವೇ ಹೇಳುತ್ತದೆ. ಮೊದಲು ಕಾಣಿಸಿಕೊಳ್ಳುವುದು ಹಸುರು ಬೀಜ. ಅದರ ಮೇಲಿನ ತೊಟ್ಟು ಉಬ್ಬತೊಡಗುವುದು ಆಮೇಲೆ. ನಾವು ಹಣ್ಣೆಂದು ತಿನ್ನುವುದು ಉಬ್ಬಿದ ತೊಟ್ಟು. ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಹಣ್ಣು ನಾವು ‘ಬೀಜ’ವೆನ್ನುವ ಭಾಗವೇ, ತಿನ್ನುವ ತಿರುಳು ಅದರ ಒಳಗಿನ ಬೀಜ. ಪಾಠವೂ ಸರಿ, ಮರವೂ ಸರಿ, ಸರಿಯಿಲ್ಲದುದು ನಮ್ಮ ಹೆಸರಿಡುವಿಕೆ. (ಹಸಿ ಬೀಜದ ಸೊನೆಯು ಚರ್ಮವನ್ನು ಸುಡುತ್ತದೆ, ಈ ವಿಷಯದಲ್ಲಿ ಮಕ್ಕಳೇ ಉಪಾಧ್ಯಾಯರಿಗೆ ಎಚ್ಚರಿಕೆ ಹೇಳಿಯಾರು.) ನೆಲಗಡಲೆಯದು ಇದಕ್ಕಿಂತಲೂ ವಿಚಿತ್ರ. ಹೂವರಳುವುದು ನೆಲದ ಮೇಲೆ, ಕಾಯಿ ಬಲಿಯುವುದು ನೆಲದ ಒಳಗೆ. ಫಲಿತವಾದ ಹೂವಿನಿಂದ ಸೂಜಿಯಂಥ ಕಡ್ಡಿಯೊಂದು ಇಳಿದು ಮಣ್ಣನ್ನು ಹೊಗುವುದನ್ನು ಗದ್ದೆಯ ಅಂಚಿನಲ್ಲಿ ಕುಳಿತು ನೋಡಿದ ಮಗು ಅದನ್ನು ಮರೆಯಲಾರದು. ಕಿತ್ತ ಗಿಡದ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ, ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳ ಮನೆಗಳು. ಕಾಲೇಜಿನ ಜೀವಶಾಸ್ತ್ರದ ಪುಸ್ತಕದಲ್ಲಿ ಬರುವ ಆ ಚಿತ್ರವು ಬೈಂದೂರಿನ ಕಡೆಯ ಮನೆಗಳ ಅಂಗಳದಲ್ಲಿ ಮಾರ್ಚ್ ತಿಂಗಳಲ್ಲಿ ರಾಶಿಬಿದ್ದಿರುತ್ತದೆ.

ಶಾಲೆಯಲ್ಲಿ ಬಾವಿಯಿದ್ದರೆ ದೊಡ್ಡವರೊಬ್ಬರು ಪ್ರತಿ ಸೋಮವಾರ ಗಂಟುಹಾಕಿದ ಹಗ್ಗವನ್ನು ಇಳಿಬಿಡಲಿ; ನೀರನ್ನು ಮುಟ್ಟುವವರೆಗೆ ಎಷ್ಟು ಗಂಟು ಇಳಿಯಿತೆಂದು ಮಕ್ಕಳು ಎಣಿಸಲಿ. ನಾಲ್ಕು ಸಾವಿರ ಮಿಲಿಮೀಟರು ಮಳೆ ಬೀಳುವ ಊರಿನಲ್ಲಿ ಏಪ್ರಿಲಿಗೆ ಬಾವಿಯ ತಳ ಕಾಣುವುದೇಕೆಂಬ ಪ್ರಶ್ನೆಯು ಆಗ ತಾನಾಗಿಯೇ ಏಳುತ್ತದೆ. ಅದು ಪರೀಕ್ಷೆಯ ಪ್ರಶ್ನೆಯಲ್ಲ, ಮನೆಯ ಪ್ರಶ್ನೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾವು ಬಲ್ಲೆವು. ಉಪಾಧ್ಯಾಯರಿಗೆ ಸಮಯವೆಲ್ಲಿದೆ ಎಂಬುದು ಮೊದಲನೆಯದು, ನ್ಯಾಯವಾದುದೂ ಹೌದು. ಐದು ತರಗತಿಗಳಿಗೆ ಇಬ್ಬರೇ ಶಿಕ್ಷಕರಿರುವ ಶಾಲೆಗಳುಂಟು. ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಮೇಲಿನವರು ಕೇಳಿದ ಅಂಕಿಸಂಖ್ಯೆಗಳನ್ನು ಗಣಕಯಂತ್ರಕ್ಕೆ ತುಂಬುವ ಕೆಲಸ ಇವುಗಳ ನಡುವೆ ಪಾಠಕ್ಕೇ ಬಿಡುವಿಲ್ಲ. ಆದುದರಿಂದಲೇ ನಾವು ಹೊಸ ವಿಷಯವನ್ನೋ ಹೊಸ ದಾಖಲೆ ಪುಸ್ತಕವನ್ನೋ ಸೂಚಿಸುತ್ತಿಲ್ಲ. ನೆರಳಿಗೆ ಗುರುತು ಹಾಕಲು ವಾರಕ್ಕೆ ಅರ್ಧ ಗಂಟೆ ಸಾಕು, ಅದೂ ಊಟದ ಹೊತ್ತಿನ ಆಸುಪಾಸಿನಲ್ಲಿ. ಬಿಸಿಲಿನಲ್ಲಿ ನಿಲ್ಲಬೇಕಾದುದು ಒಂದೊಂದು ಸಲಕ್ಕೆ ಒಂದೆರಡು ನಿಮಿಷ. ಇದನ್ನು ಮೇಲಿನಿಂದ ಆಜ್ಞೆಯಾಗಿ ಕಳುಹಿಸಿ, ಭಾವಚಿತ್ರ ತೆಗೆದು ವರದಿ ಒಪ್ಪಿಸಿರೆಂದು ಕೇಳಿದರೆ ಮರುವರ್ಷವೇ ಇದೂ ಹವಾಮಾನದ ಚಾರ್ಟಿನ ಗತಿಯನ್ನು ಕಾಣುವುದು ನಿಶ್ಚಯ.

ಪರೀಕ್ಷೆಯದು ಎರಡನೆಯ ಆಕ್ಷೇಪ. 2023ರ ಮಾರ್ಚ್ ಕೊನೆಯ ವಾರದಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ನಡೆದಾಗ ಹತ್ತು ವರ್ಷದ ಮಕ್ಕಳ ಮನೆಗಳಲ್ಲಿಯೂ ಹತ್ತನೆಯ ತರಗತಿಯ ಕಳವಳವನ್ನು ಕಂಡೆವು. ಪರೀಕ್ಷೆಯು ಯಾವುದನ್ನು ಕೇಳುತ್ತದೆಯೋ ಶಾಲೆಯು ಅದನ್ನೇ ಕಲಿಸುತ್ತದೆ. ಇದಕ್ಕೆ ಶಾಲೆಯನ್ನು ದೂಷಿಸಿ ಫಲವಿಲ್ಲ, ಬದಲಾಗಬೇಕಾದುದು ಪ್ರಶ್ನೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ 1972ರಲ್ಲಿ ತೊಡಗಿದ ವಿಜ್ಞಾನ ಬೋಧನೆಯ ಕಾರ್ಯಕ್ರಮವು ಇದನ್ನು ಮಾಡಿ ತೋರಿಸಿತು. ಹಳ್ಳಿಯ ಮಕ್ಕಳು ಗುಂಪುಗಳಲ್ಲಿ ಪ್ರಯೋಗ ಮಾಡಿ ತಾವೇ ತೀರ್ಮಾನಕ್ಕೆ ಬರುತ್ತಿದ್ದರು. ಪರೀಕ್ಷೆಗೆ ಪುಸ್ತಕವನ್ನೂ ತಮ್ಮ ಟಿಪ್ಪಣಿಯನ್ನೂ ಒಯ್ಯಬಹುದಾಗಿತ್ತು, ಏಕೆಂದರೆ ಅಲ್ಲಿ ಕೇಳುತ್ತಿದ್ದುದು ಪುಸ್ತಕದಲ್ಲಿ ಸಿಗುವ ಉತ್ತರವನ್ನಲ್ಲ. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ಸರಕಾರವು ನಿಲ್ಲಿಸಿತೆಂಬುದನ್ನೂ ಹೇಳತಕ್ಕದ್ದೇ. ಇಂಥ ಕೆಲಸಗಳು ಶಾಶ್ವತವಾಗಿ ನಿಲ್ಲುವುದು ಸುಲಭವಲ್ಲ.

ಇಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಅರ್ಥವಾದೀತೇ ಎಂಬ ಮೂರನೆಯ ಆಕ್ಷೇಪವನ್ನು ಎತ್ತುವವರು ಮೇಲೆ ಹೇಳಿದ ಹುಡುಗಿಯ ಪ್ರಶ್ನೆಯನ್ನು ಇನ್ನೊಮ್ಮೆ ಓದಿಕೊಳ್ಳಬಹುದು. ಕನ್ನಡದಲ್ಲಿ ಇದನ್ನೆಲ್ಲ ಹೇಳಲಾಗುವುದೇ ಎಂಬ ಅನುಮಾನವಂತೂ ಈ ಸೀಮೆಯವರಿಗೆ ಇರಬಾರದು. ಬ್ರಹ್ಮಾವರದ ಉತ್ತರಕ್ಕಿರುವ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ‘ಬಾಲಪ್ರಪಂಚ’ವನ್ನು ಮಕ್ಕಳಿಗಾಗಿ ಬರೆದು ಆ ಅನುಮಾನವನ್ನು ತೀರಿಸಿದ್ದಾರೆ.

ಈ ಪತ್ರಿಕೆಯ ವಾಚಕರಲ್ಲಿ ಹೆಚ್ಚಿನವರು ಪ್ರೌಢಶಾಲೆ, ಕಾಲೇಜುಗಳಲ್ಲಿ ಓದುತ್ತಿರುವವರು. ನಿಮ್ಮ ಮನೆಯ ಬಳಿಯಲ್ಲೊಂದು ಪ್ರಾಥಮಿಕ ಶಾಲೆಯಿದೆ. ಬಹುಶಃ ನೀವು ಅಕ್ಷರ ಕಲಿತದ್ದು ಅಲ್ಲಿಯೇ. ಫೆಬ್ರವರಿಯ ಒಂದು ಶನಿವಾರ ಅಲ್ಲಿಗೆ ಹೋಗಿ, ಮುಖ್ಯೋಪಾಧ್ಯಾಯರ ಅನುಮತಿಯನ್ನು ಪಡೆದು, ಅಂಗಳದ ಮೂಲೆಯಲ್ಲಿ ಕೋಲನ್ನು ನೆಟ್ಟುಕೊಡಿರಿ. ಅದರ ಬುಡದಲ್ಲಿ ದಿಕ್ಕನ್ನು ತೋರಿಸಲು ಕಲ್ಲೊಂದನ್ನು ಹುಗಿಯಿರಿ. ಅತ್ಯಂತ ಗಿಡ್ಡ ನೆರಳು ಬೀಳುವ ಗೆರೆಯೇ ಉತ್ತರದ ಗೆರೆ, ದಿಕ್ಸೂಚಿ ಬೇಕಾಗಿಲ್ಲ. ಮಕ್ಕಳಿಗೆ ಏನನ್ನೂ ವಿವರಿಸುವ ಗೋಜಿಗೆ ಹೋಗಬೇಡಿರಿ. ದಾರದ ಉಂಡೆಯನ್ನೂ ಚೀಟಿಗಳನ್ನೂ ಅವರ ಕೈಗೆ ಕೊಟ್ಟು, ಎರಡು ವಾರಕ್ಕೊಮ್ಮೆ ಹೋಗಿ ಚಪ್ಪರವನ್ನು ನೋಡಿ ಬನ್ನಿರಿ. ಅವರು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿರಿ. ನಿಮಗೆ ಉತ್ತರ ತಿಳಿಯದವುಗಳನ್ನು ನಿಮ್ಮ ಅಧ್ಯಾಪಕರ ಮುಂದಿಡಿರಿ. ರಜೆಯಲ್ಲಿ, ಏಪ್ರಿಲ್ 25ರಿಂದ 27ರ ಒಳಗೆ, ಕೇರಿಯ ಮಕ್ಕಳನ್ನು ಒಂದು ಸಮತಟ್ಟಾದ ಅಂಗಳದಲ್ಲಿ ಸೇರಿಸಿರಿ. ಬ್ರಹ್ಮಾವರದವರು 26ರಂದು, ಅಂಕೋಲಾ, ಕಾರವಾರಗಳ ಕಡೆಗೆ ನೆಂಟರ ಮನೆಗೆ ಹೋಗಿರುವವರು ಇನ್ನೂ ಎರಡು ಮೂರು ದಿನ ತಡವಾಗಿ ನೋಡಬೇಕು. ಕೋಲಿನ ಬದಲು ನೆಟ್ಟಗೆ ನಿಲ್ಲುವ ಲೋಟವೋ ಬಾಟಲಿಯೋ ಆದರೂ ನಡೆದೀತು. ಹನ್ನೆರಡೂಕಾಲಕ್ಕೆಲ್ಲ ಸಿದ್ಧರಾಗಿರಿ, ಕುಂದಾಪುರದಲ್ಲಿ ಆ ಕ್ಷಣವು 12 ಗಂಟೆ 29 ನಿಮಿಷಕ್ಕೆ ಬರುತ್ತದೆ.